ನಿಮಗಿದು ಗೊತ್ತೇ? ಹಾಡುವ ಡಬ್ಬಿ ಉಸಿರೆತ್ತದಿದ್ದರೆ…

ಹನೂರು ತಾಲ್ಲೂಕಿನ ಬಂಡಳ್ಳಿ ಕಡೆ ಹಾಡು ಕೇಳುವ ಯಂತ್ರ ಎಂದರೆ ಐಪಾಡ್ ಅಲ್ಲ, ಅಂಗೈ ಅಗಲದ ಒಂದು ಡಬ್ಬಿ. ಒಂದು ಪಕ್ಕ ಪೆನ್‌ಡ್ರೈವ್ ಚುಚ್ಚುವ ಕಂಡಿ, ಇನ್ನೊಂದು ಪಕ್ಕ ಮೆಮೊರಿ ಚಿಪ್ಪು ತೂರಿಸುವ ಸೀಳು, ನೆತ್ತಿಯ ಮೇಲೆ ಟಾರ್ಚು, ಒಳಗೆ ಎಫ್‌ಎಂ. ಜೋಳದ ಹೊಲದ ಅಟ್ಟಣೆಯಲ್ಲಿ, ರೇಷ್ಮೆಹುಳು ಮನೆಯಲ್ಲಿ, ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಹೆಗಲ ಚೀಲದಲ್ಲಿ ಅದು ಹಾಡುತ್ತಲೇ ಇರುತ್ತದೆ. ನಿಂತಾಗಲೇ ಅದರ ಕಡೆ ಗಮನ. ‘ಇದು ಹೋಯ್ತು, ಹೊಸದು ತಗೊಳ್ಳಿ’ ಎನ್ನುವ ಮಾತು ಕೇಳಿ ಜೇಬಿಗೆ ಕೈ ಹಾಕುವ ಮುಂಚೆ ಇದನ್ನೊಮ್ಮೆ ಓದಿ. ನಿಂತ ಡಬ್ಬಿಯೆಲ್ಲ ಕೆಟ್ಟ ಡಬ್ಬಿಯಲ್ಲ. ಕೊಳೆ, ಸಡಿಲ ತಂತಿ, ಸೊರಗಿದ ಬ್ಯಾಟರಿ, ಹೊಂದದ ಕೇಬಲ್ಲು, ಇವಿಷ್ಟನ್ನು ನೋಡಿದ ಮೇಲೆ ಅಂಗಡಿಯ ದಾರಿ ಹಿಡಿದರಾಯಿತು.

● ಇಂಥ ಹಲವು ಡಬ್ಬಿಗಳ ಬೆನ್ನಿನ ಮುಚ್ಚಳ ತೆಗೆದರೆ ಸಿಗುವ ಚಪ್ಪಟೆ ಬ್ಯಾಟರಿ ನಿಮಗೆ ಹಳೇ ಪರಿಚಯ. ನೋಕಿಯಾ ಕಂಪನಿ ತನ್ನ ಕೀಪ್ಯಾಡ್ ಫೋನುಗಳಿಗೆ ಹಾಕುತ್ತಿದ್ದ ಬಿಎಲ್-5ಸಿ ಅದು. ಆ ಫೋನುಗಳ ಕಾಲ ಮುಗಿದರೂ ಬ್ಯಾಟರಿಯ ಅಳತೆ ಮಾತ್ರ ಸಣ್ಣ ರೇಡಿಯೊ, ಸ್ಪೀಕರುಗಳಲ್ಲಿ ಉಳಿದುಕೊಂಡಿದೆ. ಹಾಗಾಗಿ ಮೊದಲ ಪರೀಕ್ಷೆಗೆ ಕಾಸು ಬೇಡ. ಅಟ್ಟದ ಮೇಲೆ ಬಿದ್ದಿರುವ ಹಳೇ ಫೋನಿನ ಬ್ಯಾಟರಿಯನ್ನು ಚಾರ್ಜ್ ಮಾಡಿ ಇದಕ್ಕೆ ಹಾಕಿ ನೋಡಿ.

● ಅಸಲಿ ಬಿಎಲ್-5ಸಿ ಹಿಡಿಯುವುದು 1020 ಮಿಲಿ ಆಂಪಿಯರ್-ಗಂಟೆ. ಅದೇ ಗಾತ್ರದ ಬ್ಯಾಟರಿಯ ಮೇಲೆ 5000 ಎಂದು ಅಚ್ಚಾಗಿದ್ದರೆ ಅದು ಸ್ಟಿಕ್ಕರಿನ ಶಕ್ತಿ ಅಷ್ಟೇ.

● ಲಿಥಿಯಂ-ಅಯಾನ್ ಬ್ಯಾಟರಿ ತುಂಬಿದಾಗ 4.2 ವೋಲ್ಟ್ ತೋರಿಸುತ್ತದೆ. ಮೂರು ವೋಲ್ಟಿಗಿಂತ ತೀರಾ ಕೆಳಗಿಳಿದರೆ ಒಳಗಿನ ರಕ್ಷಣಾ ಸರ್ಕ್ಯೂಟು ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ದೀಪಾವಳಿ ಜಾತ್ರೆಗೆ ಬಳಸಿ ಮೂಲೆಗಿಟ್ಟ ಸೆಟ್ಟನ್ನು ಶಿವರಾತ್ರಿಗೆ ತೆಗೆದರೆ ಕೆಂಪು ದೀಪವೂ ಹತ್ತದಿರುವುದು ಇದರಿಂದಲೇ. ಚಾರ್ಜಿಗೆ ಹಾಕಿ ಅರ್ಧ ಗಂಟೆ ಸುಮ್ಮನೆ ಬಿಡಿ. ಎಷ್ಟೋ ಸೆಟ್ಟುಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ತಿಂಗಳುಗಟ್ಟಲೆ ಬಳಸುವುದಿಲ್ಲವೆಂದರೆ ಅರ್ಧ ಚಾರ್ಜ್ ಇಟ್ಟು ಬ್ಯಾಟರಿಯನ್ನು ಬೇರೆ ತೆಗೆದಿಡುವುದು ವಾಸಿ.

● ಬ್ಯಾಟರಿ ತಾಗುವ ಮೂರು ಚಿಕ್ಕ ಸ್ಪ್ರಿಂಗ್ ಪಿನ್ನುಗಳನ್ನು ನೋಡಿದ್ದೀರಾ? ಅವು ಕಪ್ಪಾಗಿದ್ದರೆ ಮಕ್ಕಳ ಜಾಮಿಟ್ರಿ ಬಾಕ್ಸಿನ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಊದಿಬಿಡಿ. ಒಂದು ಪಿನ್ನು ಒಳಗೆ ಕುಸಿದಿದ್ದರೆ ಹಲ್ಲುಕಡ್ಡಿಯಿಂದ ಕೂದಲೆಳೆಯಷ್ಟು ಮೇಲೆತ್ತಿ. ಕೈಯಲ್ಲಿ ಅಲ್ಲಾಡಿಸಿದಾಗ ಬಂದ್ ಆಗಿ, ತಟ್ಟಿದಾಗ ಮತ್ತೆ ಹಾಡುವ ಸೆಟ್ಟಿನ ಕಾಯಿಲೆ ಹೆಚ್ಚಾಗಿ ಇಲ್ಲೇ ಇರುತ್ತದೆ.

● ಉಬ್ಬಿದ ಬ್ಯಾಟರಿ ಮಾತ್ರ ಆಟದ ವಸ್ತುವಲ್ಲ. ಒಳಗೆ ಅನಿಲ ತುಂಬಿದೆ ಎಂದೇ ಅದರ ಅರ್ಥ. ಅಮುಕಿ ಮುಚ್ಚಳ ಹಾಕುವುದು, ‘ಗಾಳಿ ಬಿಡಿಸುತ್ತೇನೆ’ ಅಂತ ಸೂಜಿ ಚುಚ್ಚುವುದು, ಒಲೆಗೋ ತಿಪ್ಪೆಗೋ ಎಸೆಯುವುದು, ಮೂರೂ ಬೆಂಕಿಗೆ ಕೊಡುವ ಆಹ್ವಾನ. ದೊಡ್ಡ ಕಂಪನಿಗಳೂ ಇದರಿಂದ ಪಾರಾಗಿಲ್ಲ. 2007ರ ಆಗಸ್ಟ್‌ನಲ್ಲಿ ನೋಕಿಯಾ ಕಂಪನಿಯೇ, ಮತ್ಸುಶಿತಾ ಕಂಪನಿ ತಯಾರಿಸಿದ್ದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಆಗುವಾಗ ವಿಪರೀತ ಬಿಸಿಯಾಗಬಹುದೆಂದು ಎಚ್ಚರಿಸಿ, ಬದಲಿ ಕೊಡಲು ಮುಂದಾಗಿತ್ತು.

● ಮೈಕ್ರೊ ಯುಎಸ್‌ಬಿ ಚಾರ್ಜಿಂಗ್ ಪಿನ್ನನ್ನು 10,000 ಸಲ ಹಾಕಿ ತೆಗೆಯುವುದಕ್ಕೆ ತಾಳುವಂತೆ ರೂಪಿಸಿದ್ದಾರೆ. ದಿನಕ್ಕೆರಡು ಸಲ ಎಂದರೂ ಹದಿಮೂರು ವರ್ಷಕ್ಕೆ ಮೇಲಾಯಿತು. ಆದರೂ ಅದು ವರ್ಷದೊಳಗೆ ಅಲ್ಲಾಡತೊಡಗುತ್ತದೆ. ಚಾರ್ಜಿಗೆ ಹಾಕಿದ ಸೆಟ್ಟನ್ನು ವೈರಿನ ಸಮೇತ ಎಳೆದು ಹಾಡು ಬದಲಾಯಿಸುವುದು, ತಲೆಕೆಳಗಾಗಿ ತುರುಕುವುದು, ವೈರು ಹಿಡಿದು ನೇತುಹಾಕುವುದು: ಇವು ಕಂಪನಿಯ ಲೆಕ್ಕದಲ್ಲಿ ಇರಲಿಲ್ಲ.

● ಪಿನ್ನು ಸರಿಯಾಗಿ ಕೂರುತ್ತಿಲ್ಲವೇ? ಸೆಟ್ಟು ಆಫ್ ಮಾಡಿ, ಕಂಡಿಯೊಳಕ್ಕೆ ಟಾರ್ಚು ಬಿಡಿ. ಜೇಬಿನ ನೂಲಿನ ಜುಂಗು, ರಾಗಿ ಹಿಟ್ಟು, ಹೊಲದ ಧೂಳು ಸೇರಿ ತಳದಲ್ಲಿ ಒಂದು ಗಟ್ಟಿ ಪದರವೇ ಆಗಿರುತ್ತದೆ. ಒಣಗಿದ ಹಲ್ಲುಕಡ್ಡಿಯಿಂದ ಕೆದಕಿ ತೆಗೆಯಿರಿ. ಸೀರೆಪಿನ್ನು ಬೇಡವೇ ಬೇಡ. ಅಕ್ಕಪಕ್ಕದ ಎರಡು ಪಿನ್ನಿಗೆ ಒಟ್ಟಿಗೆ ತಾಗಿದರೆ ಶಾರ್ಟ್ ಆಗುತ್ತದೆ.

● ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಹಾಕಿದರೆ ಮಾತ್ರ ಕಾಣುವುದಿಲ್ಲ. ಸೆಟ್ಟಿನ ದೋಷ ಎಂದುಕೊಳ್ಳಬೇಡಿ. ಡಬ್ಬಿಯ ಜೊತೆ ಬರುವ ಅಗ್ಗದ ಕೇಬಲ್ಲುಗಳಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರುವುದುಂಟು. ಹಾಡು ದಾಟಿಸಲು ಬೇಕಾದ ಇನ್ನೆರಡು ತಂತಿಗಳನ್ನು ಹಾಕಿಯೇ ಇರುವುದಿಲ್ಲ.

● ಈಗ ಬರುವ ಟೈಪ್-ಸಿ ಡಬ್ಬಿಗಳದ್ದು ಹೊಸ ಗೋಳು. ಎರಡೂ ತುದಿ ಟೈಪ್-ಸಿ ಇರುವ ಒಳ್ಳೇ ಫೋನಿನ ಚಾರ್ಜರ್ ಹಾಕಿದರೆ ಚಾರ್ಜೇ ಆಗದು, ಹಳೇ ಚಪ್ಪಟೆ ತುದಿಯ ಕೇಬಲ್ ಹಾಕಿದರೆ ಕ್ಷಣದಲ್ಲಿ ದೀಪ ಹತ್ತುತ್ತದೆ. ಕಾರಣ ಬಹಳ ಸಣ್ಣದು. ‘ನಾನು ಚಾರ್ಜ್ ಆಗಬೇಕಾದವನು’ ಎಂದು ಚಾರ್ಜರಿಗೆ ತಿಳಿಸಲು ಡಬ್ಬಿಯೊಳಗೆ 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್ ಇರಬೇಕು. ಪೈಸೆಗಳ ಆಸೆಗೆ ಕೆಲವು ತಯಾರಕರು ಅವನ್ನು ಬಿಟ್ಟುಬಿಡುತ್ತಾರೆ. ಸುಳಿವು ಸಿಗದ ಚಾರ್ಜರು ಕರೆಂಟನ್ನೇ ಬಿಡುವುದಿಲ್ಲ. ಇದಕ್ಕೆ ರಿಪೇರಿ ಬೇಡ, ಹಳೇ ಕೇಬಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳಿ.

● ‘ಸಂಜೆ ಕರೆಂಟು ಡಿಮ್ಮು, ಅದಕ್ಕೇ ಚಾರ್ಜ್ ಹಿಡಿಯಲ್ಲ’ ಎಂಬ ಮಾತು ಅರ್ಧ ಸತ್ಯವೂ ಅಲ್ಲ. ಚಾರ್ಜರಿನ ಬೆನ್ನಿನ ಸಣ್ಣಕ್ಷರ ಓದಿ, 100–240 ವೋಲ್ಟ್ ಎಂದಿರುತ್ತದೆ. ಬಲ್ಬು ಕೆಂಪಗಾಗುವಷ್ಟು ವೋಲ್ಟೇಜ್ ಬಿದ್ದರೂ ಅದು ಕೆಲಸ ಮಾಡುತ್ತದೆ. ಪಕ್ಕದ ಶಿವನಸಮುದ್ರದಿಂದ 1902ರಲ್ಲೇ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಿತ್ತು. ಆ ಕಾವೇರಿಯ ಮಗ್ಗುಲಲ್ಲೇ ಇದ್ದುಕೊಂಡು ವೋಲ್ಟೇಜ್ ಬಗ್ಗೆ ಗೊಣಗಬೇಕಾಗಿ ಬಂದಿರುವುದು ಬೇರೆ ಕತೆ.

● “ರಾತ್ರಿ ಗಂಟ ಚೆನ್ನಾಗೇ ಹಾಡ್ತಿತ್ತು ಕನಪ್ಪ, ಬೆಳಗ್ಗೆದ್ದು ನೋಡ್ತೀನಿ, ಉಸ್ರೇ ಇಲ್ಲ.” ಅನುಭವವಿರುವ ರಿಪೇರಿ ಹುಡುಗ ಇದಕ್ಕೆ ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದಿಲ್ಲ. “ಇಯರ್‌ಫೋನ್ ಹಾಕಿದ್ರಾ ತಾತ?” ಎಂದು ಕೇಳುತ್ತಾನೆ. ಇಯರ್‌ಫೋನ್ ಕಂಡಿಯೊಳಗೆ ಒಂದು ತಗಡಿನ ನಾಲಿಗೆ ಇದೆ. ಪಿನ್ನು ಒಳಹೋದಾಗ ಅದು ಸರಿದು ಸ್ಪೀಕರಿನ ದಾರಿ ಕಡಿಯುತ್ತದೆ, ಪಿನ್ನು ತೆಗೆದಾಗ ಮತ್ತೆ ಕೂಡಿಸುತ್ತದೆ. ಧೂಳು ಹಿಡಿದೋ ಬಾಗಿಯೋ ಅದು ಹಿಂದಕ್ಕೆ ಬರದಿದ್ದರೆ ಡಬ್ಬಿಯ ಪಾಲಿಗೆ ಇಯರ್‌ಫೋನ್ ಇನ್ನೂ ಒಳಗೇ ಇದೆ. ದೀಪ ಮಿನುಗುತ್ತದೆ, ಹಾಡಿನ ನಂಬರು ಓಡುತ್ತದೆ, ಸದ್ದು ಮಾತ್ರ ಇಲ್ಲ. ಪಿನ್ನನ್ನು ಏಳೆಂಟು ಸಲ ಹಾಕಿ ತೆಗೆಯಿರಿ, ತಿರುಗಿಸಿ ತೆಗೆಯಿರಿ. ಹಾಡು ಬಂದರೆ ತಾತ ಹುಡುಗನಿಗೆ ಟೀ ಕುಡಿಸಿದರೆ ಸಾಕು.

● ಈ 3.5 ಮಿ.ಮೀ. ಇಯರ್‌ಫೋನ್ ಪಿನ್ನಿನ ಮೂಲ ಟೆಲಿಫೋನ್ ಎಕ್ಸ್‌ಚೇಂಜ್. 19ನೇ ಶತಮಾನದ ಕೊನೆಗೆ ಆಪರೇಟರುಗಳು ಕರೆ ಜೋಡಿಸಲು ಚುಚ್ಚುತ್ತಿದ್ದ 6.35 ಮಿ.ಮೀ. ಪಿನ್ನಿನ ಚಿಕ್ಕ ರೂಪವಿದು.

● ಈಗ ಒಂದು ಸ್ವಾರಸ್ಯ. ಇಯರ್‌ಫೋನಿನಲ್ಲಿ ಹಾಡುಗಾರನ ದನಿ ಮಾಯವಾಗಿ, ಹಿಮ್ಮೇಳ ಮಾತ್ರ ಬಾವಿಯೊಳಗಿಂದ ಬಂದಂತೆ ಕೇಳಿದ್ದುಂಟೇ? ಹಾಡು ಕೆಟ್ಟಿಲ್ಲ, ಚಿಪ್ಪೂ ಕೆಟ್ಟಿಲ್ಲ. ಎಡಕಿವಿಗೊಂದು, ಬಲಕಿವಿಗೊಂದು ತಂತಿಯಿದ್ದು, ಎರಡಕ್ಕೂ ಸೇರಿ ವಾಪಸು ಹೋಗಲು ಒಂದು ಗ್ರೌಂಡ್ ತಂತಿ ಇರುತ್ತದೆ. ಅದು ತುಂಡಾದರೆ ಅಥವಾ ಪಿನ್ನು ಪೂರ್ತಿ ಒಳಗೆ ಕೂರದಿದ್ದರೆ, ಎಡ–ಬಲಗಳ ನಡುವಿನ ವ್ಯತ್ಯಾಸ ಮಾತ್ರ ಕಿವಿಗೆ ತಲುಪುತ್ತದೆ. ಸ್ಟುಡಿಯೊದಲ್ಲಿ ಹಾಡುಗಾರನ ದನಿಯನ್ನು ಎರಡೂ ಕಡೆಗೆ ಸಮಸಮ ಹಾಕುತ್ತಾರೆ. ಹಾಗಾಗಿ ವ್ಯತ್ಯಾಸದಲ್ಲಿ ಅದು ಸೊನ್ನೆ! ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇರುವ ವಾದ್ಯಗಳು ಉಳಿದುಕೊಳ್ಳುತ್ತವೆ.

ಇನ್ನು ಮಳವಳ್ಳಿ ಮಹದೇವಸ್ವಾಮಿ ಅವರಂಥ ಗಾಯಕರ ಮಾದೇಶ್ವರನ ಕತೆಯನ್ನು ಯಾರೋ ಹಳೇ ಕ್ಯಾಸೆಟ್ಟಿನಿಂದ ಮೋನೊದಲ್ಲಿ ಇಳಿಸಿಕೊಂಡಿದ್ದರೆ, ಎರಡೂ ಕಡೆ ಒಂದೇ ಧ್ವನಿ. ಆಗ ಕಂಸಾಳೆಯೂ ಇಲ್ಲ, ದಮ್ಮಡಿಯೂ ಇಲ್ಲ, ಹೆಚ್ಚುಕಡಿಮೆ ನಿಶ್ಶಬ್ದ. ಸಿನಿಮಾ ಹಾಡಿನಲ್ಲಿ ಸಂಗೀತ ಮಾತ್ರ ಬರುತ್ತದೆ, ದೇವರ ಹಾಡು ಬರುವುದೇ ಇಲ್ಲ ಎಂದು ಒಬ್ಬರೇ ದೂರಿದರೆ ದೇವರನ್ನು ಎಳೆದು ತರಬೇಡಿ. ಪಿನ್ನನ್ನು ಇನ್ನೊಂದು ಸ್ವಲ್ಪ ಒಳಕ್ಕೆ ಒತ್ತಿ. ಒತ್ತಿದರೂ ಬರದಿದ್ದರೆ ಬೇರೆ ಇಯರ್‌ಫೋನ್ ಹಾಕಿ.

● ಒಂದೇ ಕಿವಿಗೆ ಕೇಳುತ್ತಿದೆಯೇ? ವೈರು ತುಂಡಾಗುವುದು ಹೆಚ್ಚಾಗಿ ಪಿನ್ನಿನ ಬುಡದಲ್ಲಿ. ಅಲ್ಲಿ ಬಗ್ಗಿಸಿದಾಗ ಬಂದು ಹೋದರೆ ಖಾತ್ರಿ. ಹಾಗಲ್ಲವಾದರೆ ಇಯರ್‌ಫೋನಿನ ಜಾಲರಿ ನೋಡಿ, ಗುಗ್ಗೆ ಕಟ್ಟಿರುತ್ತದೆ.

● ಇಯರ್‌ಫೋನ್ ಹಾಕದಿದ್ದರೆ ಹಲವು ಸೆಟ್ಟುಗಳಲ್ಲಿ ಎಫ್‌ಎಂ ಬಾರದು, ಏಕೆಂದರೆ ಆ ವೈರೇ ಏರಿಯಲ್. 100.6 ಮೆಗಾಹರ್ಟ್ಸ್‌ನ ಮೈಸೂರು ಆಕಾಶವಾಣಿಯ ತರಂಗದ ಉದ್ದ ಸುಮಾರು ಮೂರು ಮೀಟರ್. ಅದರ ಕಾಲುಭಾಗ, ಅಂದರೆ ಮುಕ್ಕಾಲು ಮೀಟರಿನಷ್ಟು ವೈರು ನೇರವಾಗಿ ಇಳಿಬಿದ್ದಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಸುರುಳಿ ಸುತ್ತಿ ಜೇಬಿಗಿಟ್ಟರೆ ಕರಕರ. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಶುರುಮಾಡಿದ ಬಾನುಲಿ ಕೇಂದ್ರದ ಮುಂದುವರಿಕೆಯೇ ಮೈಸೂರು ಆಕಾಶವಾಣಿ ಎಂಬುದನ್ನು ನೆನೆದು, ಕರಕರವನ್ನೂ ಕೊಂಚ ಸಹಿಸಿಕೊಳ್ಳಬಹುದು. ಬೆಟ್ಟದ ಮರೆಯಲ್ಲಿ ಯಾವ ವೈರೂ ಸಾಲದು. ಎಫ್‌ಎಂ ಹೆಚ್ಚುಕಡಿಮೆ ನೇರ ದಾರಿಯಲ್ಲೇ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ನಿಂತುಬಿಡುತ್ತದೆ.

● ಚಾರ್ಜಿಗೆ ಹಾಕಿಕೊಂಡು ರೇಡಿಯೊ ಕೇಳಿದರೆ ಗುಂಯ್ ಎನ್ನುತ್ತಿದೆಯೇ? ಅದು ಅಗ್ಗದ ಚಾರ್ಜರಿನ ಗಲಾಟೆ. ವೈರು ಕೀಳಿ, ನಿಲ್ಲುತ್ತದೆ.

● ಮೆಮೊರಿ ಚಿಪ್ಪಿನ ಅಳತೆ 15×11 ಮಿ.ಮೀ., ದಪ್ಪ ಒಂದು ಮಿ.ಮೀ., ಬೆನ್ನಿನಲ್ಲಿ ಎಂಟು ಹಳದಿ ಪಟ್ಟಿ. ಆ ಪಟ್ಟಿಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಜಿಡ್ಡಾದರೂ ಸಾಕು, ‘ನೋ ಕಾರ್ಡ್’. ಒಣ ಹತ್ತಿಬಟ್ಟೆಯಲ್ಲಿ ಒರೆಸಿ ಹಾಕಿ.

● ಹೊಸದಾಗಿ ತಂದ 64 ಜಿಬಿ ಚಿಪ್ಪು ಫೋನಿನಲ್ಲಿ ಓದುತ್ತದೆ, ಡಬ್ಬಿಯಲ್ಲಿ ಓದುವುದಿಲ್ಲ. 32 ಜಿಬಿ ದಾಟಿದ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಲೆಕ್ಕದಲ್ಲಿ ಬರುತ್ತವೆ. ಅಗ್ಗದ ಸೆಟ್ಟುಗಳಿಗೆ ಗೊತ್ತಿರುವುದು ಹಳೆಯ ಫ್ಯಾಟ್32 ಮಾತ್ರ. ಕಂಪ್ಯೂಟರಿನಲ್ಲಿ ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿಸಿದರೆ ಎಷ್ಟೋ ಸೆಟ್ಟುಗಳು ಒಪ್ಪಿಕೊಳ್ಳುತ್ತವೆ. ಅದರಲ್ಲಿದ್ದ ಹಾಡೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆ ಕಡೆ ಇಳಿಸಿಕೊಳ್ಳಿ. ನನ್ನನ್ನು ಕೇಳಿದರೆ ಹಾಡಿಗೆ 64 ಜಿಬಿ ಯಾಕೆ? ಎಂಟು ಜಿಬಿಯಲ್ಲೇ ಸಾವಿರದೈನೂರಕ್ಕೂ ಮೇಲೆ ಹಾಡು ಹಿಡಿಸುತ್ತವೆ.

● ಜಾತ್ರೆಯಲ್ಲಿ ಅಗ್ಗಕ್ಕೆ ಸಿಕ್ಕಿದ ದೊಡ್ಡ ಚಿಪ್ಪಿನಲ್ಲಿ ಮೊದಲ ನೂರಾರು ಹಾಡು ಸರಿಯಾಗಿ ಬಂದು, ಆಮೇಲಿನವು ಕೀಚು ಕೀಚು ಎನ್ನುತ್ತಿದ್ದರೆ ಅದು ನಕಲಿ ಇರಬಹುದು. ಒಳಗೆ ಇರುವುದು ನಾಲ್ಕೋ ಎಂಟೋ ಜಿಬಿ, ಹೇಳಿಕೊಳ್ಳುವುದು 128. ಪೂರ್ತಿ ತುಂಬಿ ಮತ್ತೆ ಓದಿಸಿ ನೋಡುವುದೊಂದೇ ಪರೀಕ್ಷೆ.

● ಬೆಳಗಿನ ಸುಪ್ರಭಾತಕ್ಕೆ ಬಟನ್ ಒತ್ತಿದರೆ ಐಟಂ ಸಾಂಗ್ ಯಾಕೆ ಬರುತ್ತದೆ? ಅಗ್ಗದ ಡಬ್ಬಿಗಳಲ್ಲಿ ಹೆಚ್ಚಿನವು ಅಕಾರಾದಿ ನೋಡುವುದಿಲ್ಲ. ಯಾವ ಹಾಡನ್ನು ಮೊದಲು ತುಂಬಿಸಿದಿರೋ ಅದನ್ನೇ ಮೊದಲು ಹಾಡುತ್ತವೆ. ಖಾಲಿ ಚಿಪ್ಪಿಗೆ ಸುಪ್ರಭಾತ ಮೊದಲು, ಉಳಿದದ್ದು ಆಮೇಲೆ ಎಂದು ವರಸೆಯಾಗಿ ಹಾಕಿಸಿ.

● ಅಜ್ಜಿಮನೆಯಲ್ಲಿ ಇನ್ನೂ ಕ್ಯಾಸೆಟ್ಟಿದ್ದರೆ: ಫಿಲಿಪ್ಸ್ ಕಂಪನಿ ಇದನ್ನು ತೋರಿಸಿದ್ದು 1963ರಲ್ಲಿ. ರೀಲು ಓಡುವುದು ಸೆಕೆಂಡಿಗೆ 4.76 ಸೆಂ.ಮೀ. ಆ ಲೆಕ್ಕದಲ್ಲಿ ಒಂದು ಗಂಟೆಯ ಕ್ಯಾಸೆಟ್ಟಿನೊಳಗೆ ಸುಮಾರು 86 ಮೀಟರ್ ರೀಲು ಇರುತ್ತದೆ. ಹಾಡು ಎಳೆದೆಳೆದು ಬರುತ್ತಿದ್ದರೆ ಕ್ಯಾಸೆಟ್ಟನ್ನು ಬೈಯಬೇಡಿ, ಟೇಪ್‌ರೆಕಾರ್ಡರಿನ ರಬ್ಬರ್ ಬೆಲ್ಟು ಸಡಿಲಾಗಿರುತ್ತದೆ. ದನಿ ಮಂಕಾಗಿದ್ದರೆ ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ಡು ಒರೆಸಿ.

● ಜೇಬಿನ ಎಂಪಿ3 ಪ್ಲೇಯರ್ ಮಾರುಕಟ್ಟೆಗೆ ಬಂದದ್ದು 1998ರಲ್ಲಿ, ದಕ್ಷಿಣ ಕೊರಿಯಾದ ‘ಎಂಪಿಮ್ಯಾನ್’. ಅದರಲ್ಲಿದ್ದ ಜಾಗ 32 ಎಂಬಿ, ಏಳೆಂಟು ಹಾಡು ಹಿಡಿಸಿದರೆ ಹೆಚ್ಚು. 2001ರ ಅಕ್ಟೋಬರ್ 23ರಂದು ಪ್ರಕಟವಾದ ಐಪಾಡ್‌ನಲ್ಲಿ 5 ಜಿಬಿ ಹಾರ್ಡ್‌ಡಿಸ್ಕ್ ಇತ್ತು. 2022ರ ಮೇನಲ್ಲಿ ಆಪಲ್ ಅದರ ಬಾಗಿಲು ಹಾಕಿತು. ವಿದೇಶದ ನೆಂಟರು ಕೊಟ್ಟ ಹಳೇ ಐಪಾಡ್ ಪೆಟ್ಟಿಗೆಯಲ್ಲಿದ್ದು, ಬಟನ್ ಒತ್ತಿದರೆ ಜಪ್ಪಯ್ಯ ಎನ್ನದಿದ್ದರೆ ನೆತ್ತಿಯ ಮೇಲಿನ ‘ಹೋಲ್ಡ್’ ಗುಂಡಿ ನೋಡಿ. ಕಿತ್ತಳೆ ಬಣ್ಣ ಕಾಣುತ್ತಿದ್ದರೆ ಬೀಗ ಬಿದ್ದಿದೆ, ಅಷ್ಟೇ.

● ಬ್ಲೂಟೂತ್ ಸೇರುತ್ತಿಲ್ಲವೇ? ಪಕ್ಕದ ಮನೆ ಹುಡುಗನ ಫೋನಿಗೆ ಆಗಲೇ ಸೇರಿಕೊಂಡಿರಬಹುದು. ಅವನನ್ನು ಕರೆದು ಆಫ್ ಮಾಡಿಸಿ.

● ‘1000 ವ್ಯಾಟ್’ ಎಂದು ಅಚ್ಚಾದ ಡಬ್ಬಿಯ ಲೆಕ್ಕ ನೋಡೋಣ. ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇಲ್ಲದಿದ್ದರೆ 3.7 ವೋಲ್ಟ್ ಬ್ಯಾಟರಿಯಿಂದ 4 ಓಮ್ ಸ್ಪೀಕರಿಗೆ ಒಡೆಯದ ದನಿಯಲ್ಲಿ ಸಿಗುವುದು ಎರಡು ವ್ಯಾಟಿಗಿಂತ ಕಡಿಮೆ. ಅದಕ್ಕೂ ಮೇಲೆ ವಾಲ್ಯೂಮ್ ತಿರುಗಿಸಿದರೆ ಸದ್ದು ದೊಡ್ಡದಾಗುವುದಿಲ್ಲ, ಒಡೆಯುತ್ತದೆ. ಹಾಗೇ ಬಿಟ್ಟರೆ ಕಾಯಿಲ್ ಬಿಸಿಯಾಗಿ ಸುಡುತ್ತದೆ. ಮುಕ್ಕಾಲು ಭಾಗಕ್ಕೆ ನಿಲ್ಲಿಸಿ.

● ಸ್ಪೀಕರ್ ಸತ್ತಿದೆಯೋ ಬದುಕಿದೆಯೋ ತಿಳಿಯಲು ಗಡಿಯಾರದ ಒಂದು ಸೆಲ್ ಸಾಕು. ಸ್ಪೀಕರಿನ ವೈರನ್ನು ಬೋರ್ಡಿನಿಂದ ಬಿಡಿಸಿ, ಅದರ ಎರಡು ತುದಿಗೆ 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. ‘ಟಕ್’ ಎಂದರೆ ಸ್ಪೀಕರ್ ಚೆನ್ನಾಗಿದೆ, ದೋಷ ಬೋರ್ಡಿನಲ್ಲಿ. ಮಲ್ಟಿಮೀಟರ್ ಇದ್ದರೆ 4 ಓಮ್ ಸ್ಪೀಕರ್ ಮೂರೂವರೆ ಆಸುಪಾಸು ತೋರಿಸಬೇಕು.

● ಹೊಳೆದಂಡೆಯಲ್ಲಿ ಮರಳ ಮೇಲೆ ಇಟ್ಟು ಕೇಳಿದ ಸ್ಪೀಕರ್ ಆಮೇಲೆ ಗರಗರ ಎನ್ನುವುದು ಸುಮ್ಮನೆ ಅಲ್ಲ. ಮರಳಿನ ಕಪ್ಪು ಕಣಗಳಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು ಇರುತ್ತದೆ. ಸ್ಪೀಕರಿನೊಳಗಿನ ಅಯಸ್ಕಾಂತ ಅದನ್ನು ಎಳೆದುಕೊಂಡು ಬಿಡುವುದೇ ಇಲ್ಲ. ವೆಲ್ಡಿಂಗ್ ಅಂಗಡಿಯ ಪುಡಿಗೂ ಇದೇ ಮಾತು. ಊದಿದರೆ ಹೋಗದು, ಅಂಟುಟೇಪಿನಿಂದ ಒತ್ತಿ ಒತ್ತಿ ತೆಗೆಯಬೇಕು.

● ಕೊಳ್ಳೇಗಾಲ ರೇಷ್ಮೆಗೆ ಹೆಸರಾದ ಸೀಮೆ. ಹುಳುಮನೆಯಲ್ಲಿ ಡಬ್ಬಿ ಬೇಗ ಹಾಳಾಗುವುದನ್ನು ಇಲ್ಲಿಯವರು ಕಂಡೇ ಇರುತ್ತಾರೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಶಾಖ, ಶೇ 85–90ರಷ್ಟು ತೇವಾಂಶ ಬೇಕು. ಹುಳುವಿಗೆ ಹಿತವಾದ ಆ ಹವೆ ತಾಮ್ರದ ಪಟ್ಟಿಗೆ ಹಿತವಲ್ಲ. ಅದಕ್ಕಿಂತ ಕೆಟ್ಟದ್ದು ಬೆಳೆ ನಡುವೆ ಮನೆ ಸೋಂಕು ತೊಳೆಯಲು ಬಳಸುವ ಬ್ಲೀಚಿಂಗ್ ಪೌಡರು. ಅದರ ಕ್ಲೋರಿನ್ ಲೋಹವನ್ನು ತಿನ್ನುತ್ತದೆ. ಡಬ್ಬಿ ಬಿಚ್ಚಿ ನೋಡಿದರೆ ಬ್ಯಾಟರಿ ಪಿನ್ನು, ಸ್ಪೀಕರಿನ ಬೆಸುಗೆ, ಸ್ವಿಚ್ಚಿನ ಕಾಲು ಎಲ್ಲ ಹಸಿರುಗಟ್ಟಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿ ಒಣಗಿಸಿದರೆ ಕೆಲವು ಬದುಕುತ್ತವೆ. ಔಷಧಿ ಹೊಡೆಯುವ ದಿನ ಡಬ್ಬಿಯನ್ನು ಹೊರಗಿಡುವುದು ಇದಕ್ಕಿಂತ ಸುಲಭ.

● ನೀರಿಗೆ ಬಿದ್ದದ್ದನ್ನು ಅಕ್ಕಿ ಡಬ್ಬಕ್ಕೆ ಹಾಕಬೇಡಿ. ತನ್ನ ಫೋನುಗಳ ವಿಷಯದಲ್ಲಿ ಆಪಲ್ ಕಂಪನಿಯೇ 2024ರಲ್ಲಿ ಇದನ್ನು ಬೇಡವೆಂದಿತು: ಅಕ್ಕಿಯ ನುಚ್ಚು ಒಳಸೇರಿ ಇನ್ನಷ್ಟು ಕೆಡಿಸಬಹುದು. ಬ್ಯಾಟರಿ, ಚಿಪ್ಪು ಎರಡನ್ನೂ ತೆಗೆದು, ಕಂಡಿ ಕೆಳಮುಖವಾಗಿ ಹಿಡಿದು ತಟ್ಟಿ, ಫ್ಯಾನಿನಡಿ ನೆರಳಲ್ಲಿ ಒಂದೆರಡು ದಿನ ಬಿಡಿ. ಒಲೆಯ ಮಗ್ಗುಲಿಗೆ ಇಡಬೇಡಿ, ‘ಬಂತೇನೋ’ ಎಂದು ನಡುವೆ ಆನ್ ಮಾಡಲೂಬೇಡಿ.

● ಹೊಲ ಕಾಯಲು ಡಬ್ಬಿಯಲ್ಲಿ ಹುಲಿಯ ಗರ್ಜನೆ ಹಾಕಿದರೆ ಆನೆ ಓಡುತ್ತದೆಯೇ? ಸಂಶೋಧಕರಾದ ವಿವೇಕ್ ತುಪ್ಪಿಲ್ ಮತ್ತು ರಿಚರ್ಡ್ ಕಾಸ್ ದಕ್ಷಿಣ ಭಾರತದಲ್ಲಿ ಕಾಡಾನೆಗಳಿಗೆ ಇಂಥ ದನಿ ಕೇಳಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಲಿಯ ದನಿಗೆ ಆನೆಗಳು ಸದ್ದಿಲ್ಲದೆ ಹಿಂದೆ ಸರಿದವು. ಚಿರತೆಯ ದನಿಗೆ ಘೀಳಿಟ್ಟು, ನಿಂತು ನೋಡಿದವು, ಆಮೇಲೆ ಸರಿದವು. ಅಂಗೈಯಗಲದ ಡಬ್ಬಿಯನ್ನು ನಂಬಿ ಅಟ್ಟಣೆಯಿಂದ ಇಳಿಯುವ ಧೈರ್ಯ ಮಾತ್ರ ಬೇಡ. ಅದರ ಪುಟ್ಟ ಸ್ಪೀಕರಿಗೆ ಗರ್ಜನೆಯ ತಗ್ಗು ಸ್ವರಗಳನ್ನು ಹೊರಡಿಸುವ ಶಕ್ತಿಯಿಲ್ಲ.

● ಕೊನೆಗೊಂದು ಕೋರಿಕೆ, ಡಬ್ಬಿ ರಿಪೇರಿಯಾದವರಿಗೆ. ಶಿವರಾತ್ರಿಗೆ ಕನಕಪುರದ ಕಡೆಯಿಂದ ಸಂಗಮದಲ್ಲಿ ಕಾವೇರಿ ಹೊಳೆ ದಾಟಿ ಮಾದಪ್ಪನ ಬೆಟ್ಟಕ್ಕೆ ಬರುವ ಪಾದಯಾತ್ರಿಕರ ದಾರಿ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದೊಳಗೆ ಹಾಯುತ್ತದೆ. ಮುಂದೆ ಬೆಟ್ಟದ ಸುತ್ತ ಇರುವುದು 2013ರ ಮಲೆ ಮಹದೇಶ್ವರ ವನ್ಯಧಾಮ. ಎರಡೂ ಆನೆಗಳ ಮನೆ. ಅಷ್ಟು ದೂರ ಸ್ಪೀಕರ್ ಬಂದ್ ಮಾಡಿ. ಬದಲಿಗೆ ಎರಡೂ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ನಡೆಯಲೂಬೇಡಿ, ಹಿಂದೆ ಕೊಂಬೆ ಮುರಿದ ಸದ್ದು ಕೇಳಿಸುವುದಿಲ್ಲ. ಹಾಡನ್ನು ಊರು ಸಿಕ್ಕ ಮೇಲೆ ಹಾಕಿಕೊಳ್ಳಬಹುದು.